ಮಳೆಗಾಲಕ್ಕೆ ಹೆದರದ ಉಗ್ರಾಣ: ಕಾಸರಗೋಡು ಕಡೆಯ ಸಣ್ಣ ಮನೆಗೊಂದು ಸಮಗ್ರ ಮಾರ್ಗದರ್ಶಿ

ಉಗ್ರಾಣ ಜೋಡಿಸುವುದು ಹೇಗೆ ಅಂತ ಫೋನಿನಲ್ಲಿ ಹುಡುಕಿದರೆ ಚಂದಚಂದದ ಚಿತ್ರಗಳು ಬರುತ್ತವೆ. ಬಾಗಿಲಿಲ್ಲದ ಬಿಳಿ ಕಪಾಟು, ಸಾಲಾಗಿ ಗಾಜಿನ ಜಾಡಿ, ಬೆತ್ತದ ಬುಟ್ಟಿಯಲ್ಲಿ ನೀರುಳ್ಳಿ. ನೋಡಲಿಕ್ಕೆ ಒಳ್ಳೆಯದೇ. ಆದರೆ ಅದನ್ನೇ ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಮಾಡಿ ಜುಲೈ ತಿಂಗಳಲ್ಲಿ ಬಾಗಿಲು ತೆರೆದು ನೋಡಿ. ಬುಟ್ಟಿಗೆ ಬೂಷ್ಟು ಬಂದಿರುತ್ತದೆ, ಉಪ್ಪು ನೀರಾಗಿರುತ್ತದೆ, ಹಪ್ಪಳ ಬಟ್ಟೆಯ ಹಾಗೆ ಮಡಚುತ್ತದೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ನಮ್ಮ ಉಗ್ರಾಣವನ್ನು ಜೋಡಿಸಬೇಕಾದ್ದು ಪಸೆಯ, ಅಂದರೆ ತೇವದ ಲೆಕ್ಕದಲ್ಲಿ. ಜಾಗ ಸಾಲದು ಎಂಬುದು ಆಮೇಲಿನ ಮಾತು. ಚಂದ ಅದರ ನಂತರ.

ಹಳೆಯ ತೋಟದ ಮನೆಗಳಲ್ಲಿ ಈ ಕಷ್ಟ ಇಷ್ಟಿರಲಿಲ್ಲ. ಅಕ್ಕಿ ಬೈಹುಲ್ಲಿನ ಮುಡಿಯಲ್ಲಿ ಇರುತ್ತಿತ್ತು, ಉಪ್ಪಿನಕಾಯಿ ಭರಣಿಯಲ್ಲಿ, ಹಪ್ಪಳ ಅಟ್ಟದ ಮೇಲೆ. ಅಟ್ಟದ ಕೆಳಗೆ ಬೆಳಗಿನಿಂದ ರಾತ್ರಿವರೆಗೆ ಸೌದೆ ಒಲೆ ಉರಿಯುತ್ತಿತ್ತು. ಆ ಕಾವು, ಆ ಹೊಗೆ ಎರಡೂ ಸೇರಿ ಸಾಮಾನನ್ನು ಕಾಯುತ್ತಿದ್ದವು. ಹೊಗೆಗೆ ಹುಳ ಹತ್ತಿರ ಬರುತ್ತಿರಲಿಲ್ಲ. ಈಗ ಗ್ಯಾಸ್ ಬಂತು. ಹೊಗೆ ಹೋಯಿತು, ಅದು ಒಳ್ಳೆಯದಾಯಿತು. ಆದರೆ ಇಡೀ ದಿನದ ಕಾವೂ ಅದರ ಜೊತೆ ಹೋಯಿತು. ಗ್ಯಾಸ್ ಉರಿಯುವಾಗ ನೀರಿನ ಆವಿ ಬೇರೆ ಹೊರಬರುತ್ತದೆ. ಹೀಗಾಗಿ ಅಜ್ಜಿ ಇಟ್ಟ ಜಾಗದಲ್ಲೇ, ಅಜ್ಜಿ ಇಟ್ಟ ರೀತಿಯಲ್ಲೇ ಇಟ್ಟರೂ ಸಾಮಾನು ಹಾಳಾಗುತ್ತದೆ. ಒಲೆ ಮಾಡುತ್ತಿದ್ದ ಕೆಲಸವನ್ನು ಈಗ ಡಬ್ಬದ ಮುಚ್ಚಳ ಮಾಡಬೇಕು.

ಈ ಬರಹ ಮೂರು ನಾಲ್ಕು ಜನ ಇರುವ ಮನೆಗೆ. ಬಾಡಿಗೆ ಮನೆಯಾಗಲಿ, ಪೇಟೆಯ ಫ್ಲ್ಯಾಟಾಗಲಿ, ಊರಿನ ಹಂಚಿನ ಮನೆಯಾಗಲಿ, ಒಂದು ಸಣ್ಣ ಕೋಣೆಯೋ ಒಂದು ಕಪಾಟೋ ಇದ್ದರೆ ಸಾಕು.

ಯಾವಾಗ ಶುರು ಮಾಡುವುದು

ಬಿಸು ಕಳೆದ ಮೇಲೆ, ಪತ್ತನಾಜೆಯ ಮೊದಲು. ಅಂದರೆ ಏಪ್ರಿಲ್ ಮಧ್ಯದಿಂದ ಮೇ 24ರ ಆಸುಪಾಸಿನ ತನಕ. ಈ ಅವಧಿಗೆ ಕಾರಣ ಇದೆ. ಬಿಸಿಲು ಖಡಕ್ಕಾಗಿ ಇರುತ್ತದೆ, ಡಬ್ಬ ತೊಳೆದರೆ ಒಂದೇ ಮಧ್ಯಾಹ್ನದಲ್ಲಿ ಒಣಗುತ್ತದೆ. ಹಲಸು, ಮಾವಿನ ಕೆಲಸವೂ ಇದೇ ಸಮಯದಲ್ಲಿ ಆಗುವುದರಿಂದ ಹೊಸ ಹಪ್ಪಳ, ಮಾಂಬಳ (ಮಾವಿನ ರಸ ಒಣಗಿಸಿದ ಹಾಳೆ), ಉಪ್ಪಿನಕಾಯಿಗೆ ಹೇಗೂ ಜಾಗ ಮಾಡಲೇಬೇಕು. ಮೇ ತಿಂಗಳ ಸಂಜೆ ಗುಡುಗು ಮಳೆ ಬರುವುದುಂಟು. ಹಾಗಾಗಿ ಬೆಳಿಗ್ಗೆ ಬೇಗ ಹರಡಿ, ಮೂರು ಗಂಟೆಯ ಒಳಗೆ ಎಲ್ಲ ಒಳಗೆ ತನ್ನಿ.

ಮಳೆ ಶುರುವಾದ ಮೇಲೆ ನೆನಪಾಯಿತಾ? ಹಾಗಾದರೆ ಇಡೀ ಉಗ್ರಾಣ ಖಾಲಿ ಮಾಡಲು ಹೋಗಬೇಡಿ. ಒಂದು ಸಲಕ್ಕೆ ಒಂದೇ ಹಲಗೆ. ತೊಳೆದ ಡಬ್ಬ ಒಣಗದೆ ಅದರಲ್ಲಿ ಬೇಳೆ ತುಂಬಿಸುವುದಕ್ಕಿಂತ ತೊಳೆಯದೆ ಒಣ ಬಟ್ಟೆಯಲ್ಲಿ ಒರೆಸುವುದೇ ವಾಸಿ.

ಮೊದಲ ಹೆಜ್ಜೆ: ಎಲ್ಲವನ್ನೂ ಹೊರಗೆ ತನ್ನಿ

ಎಲ್ಲವನ್ನೂ ಅಂದರೆ ಎಲ್ಲವನ್ನೂ. ಹಿಂದಿನ ಸಾಲಿನಲ್ಲಿ ಮರೆತ ಸಾಬಕ್ಕಿ, ಯಾರೋ ಗಲ್ಫಿನಿಂದ ತಂದ ಪೊಟ್ಟಣ, ಯಾವ ಶ್ರಾದ್ಧಕ್ಕೋ ತಂದು ಉಳಿದ ಎಳ್ಳು, ಎಲ್ಲ ಅಂಗಳಕ್ಕೆ ಬರಲಿ. ಫ್ಲ್ಯಾಟಿನವರಿಗೆ ಟೆರೇಸು ಅಥವಾ ಬಾಲ್ಕನಿ.

ಆಮೇಲೆ ಒಂದೊಂದನ್ನೂ ಮೂಸಿ ನೋಡಿ. ಮೂಗಿನಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಮುಗ್ಗಿದ ವಾಸನೆ ಬಂದರೆ ಪಸೆ ಹೊಕ್ಕಿದೆ ಅಂತ ಅರ್ಥ. ಎಣ್ಣೆಯ ಕಮಟು ವಾಸನೆ ಬಂದರೆ ಜಿಡ್ಡು ಹಳಸಿದೆ. ಕಡ್ಲೆಕಾಯಿ, ಗೇರುಬೀಜ, ಎಳ್ಳು, ಕೊಬ್ಬರಿಗೆ ಈ ಕಮಟು ಬೇಗ ಹತ್ತುತ್ತದೆ.

ಬಿಸಾಡುವುದಕ್ಕೆ ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಒಂದು ವಿಷಯದಲ್ಲಿ ಹಟ ಬೇಡ. ಬೂಷ್ಟು ಬಂದ ಕಡ್ಲೆಕಾಯಿ, ಕೊಬ್ಬರಿ, ಒಣಮೆಣಸನ್ನು ಒರೆಸಿ, ಹುರಿದು ಬಳಸಬೇಡಿ. ಅಂಥ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದದ್ದನ್ನು ದನಕ್ಕೆ, ಕೋಳಿಗೆ ಹಾಕುವುದೂ ಬೇಡ. ತೆಂಗಿನ ಬುಡಕ್ಕೆ ಹೊಂಡ ತೆಗೆದು ಹುಗಿಯಿರಿ.

ಹುಳ ಬಿದ್ದದ್ದರ ಕಥೆ ಬೇರೆ. ಅಕ್ಕಿಗೆ ನಾಲ್ಕು ಕುಟ್ಟೆ ಹುಳ ಬಿದ್ದರೆ ಅಕ್ಕಿ ಬಿಸಾಡಬೇಕಾಗಿಲ್ಲ. ಗೆರಸೆಯಲ್ಲಿ ಕೇರಿ, ಜರಡಿ ಹಿಡಿದು, ತೊಳೆದು ಬಳಸಬಹುದು. ಆದರೆ ಹಿಟ್ಟಿನಲ್ಲಿ ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಅದನ್ನು ಇಟ್ಟುಕೊಳ್ಳಬೇಡಿ. ಜರಡಿ ಹಿಡಿದರೆ ಹುಳ ಹೋಗುತ್ತದೆ, ಅದರ ಗಲೀಜು ಹೋಗುವುದಿಲ್ಲ.

ಅಂಗಡಿ ಪೊಟ್ಟಣಗಳ ಮೇಲಿನ ತಾರೀಕು ನೋಡಿ. ಇಂಥ ದಿನದೊಳಗೆ ಬಳಸಿದರೆ ಉತ್ತಮ ಎಂದಿದ್ದರೆ ಆ ದಿನ ದಾಟಿದ ಕೂಡಲೇ ಅದು ವಿಷ ಆಗುವುದಿಲ್ಲ. ರುಚಿ, ಪರಿಮಳ ಕಮ್ಮಿ ಆಗಿರುತ್ತದೆ ಅಷ್ಟೆ. ಇಂಥ ದಿನದ ನಂತರ ಬಳಸಬಾರದು ಎಂದಿದ್ದರೆ ಅದನ್ನು ಬಿಡಿ.

ಎರಡನೆಯ ಹೆಜ್ಜೆ: ಜಾಗ ನೋಡಿ

ನಮ್ಮ ಮಳೆ ನೈಋತ್ಯದ ಗಾಳಿಯ ಜೊತೆ ಬರುತ್ತದೆ. ಇರಚಲು ಹೊಡೆಯುವುದು ಪಡುವಣ ಗೋಡೆಗೆ. ಮುರಕಲ್ಲಿನ ಗೋಡೆಗೆ ಸಾರಣೆ ಸರಿಯಾಗಿಲ್ಲದಿದ್ದರೆ ನೀರು ಹೀರಿಕೊಂಡು ಒಳಗಿನ ಮೈಯೂ ತೇವವಾಗುತ್ತದೆ. ಹಾಗಾಗಿ ಉಗ್ರಾಣದ ಕಪಾಟು ಪಡುವಣ ಗೋಡೆಗೆ ಬೇಡ. ಬಚ್ಚಲಿಗೆ ತಾಗಿದ ಗೋಡೆಯೂ ಬೇಡ. ಮನೆಯ ನಡುವಿನ ಗೋಡೆ ಎಲ್ಲಕ್ಕಿಂತ ಒಳ್ಳೆಯದು. ಬೇರೆ ದಾರಿ ಇಲ್ಲದಿದ್ದರೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಆಚೆ ಇಡಿ. ಹಿಂದಿನಿಂದ ಗಾಳಿ ಆಡಲಿ.

ಕಳೆದ ಮಳೆಗಾಲದಲ್ಲಿ ಯಾವ ಗೋಡೆ ಕಪ್ಪಾಗಿತ್ತು ಎಂದು ಮನೆಯವರಲ್ಲಿ ಕೇಳಿ. ಬೇಸಿಗೆಯಲ್ಲಿ ಗೋಡೆ ನೋಡಿದರೆ ಏನೂ ತಿಳಿಯುವುದಿಲ್ಲ.

ನೆಲಕ್ಕೆ ಏನನ್ನೂ ನೇರವಾಗಿ ಇಡಬೇಡಿ. ಮಳೆಗಾಲದಲ್ಲಿ ನೆಲವೇ ಬೆವರುತ್ತದೆ, ಟೈಲ್ಸ್ ಹಾಕಿದರಂತೂ ಕೇಳುವುದೇ ಬೇಡ. ಅಕ್ಕಿಯ ಡ್ರಮ್ಮಿನ ಕೆಳಗೆ ಎರಡು ಮರದ ಪಟ್ಟಿ ಇಡಿ. ಹಳೆಯ ಮಣೆ ಇದ್ದರೆ ಅದೂ ಆದೀತು. ಅನ್ನ ಬೇಯುವ ಆವಿ, ಕುಕ್ಕರಿನ ಆವಿ ತಾಗುವ ಕಡೆ, ಅಂದರೆ ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪು, ಮೆಣಸಿನ ಪುಡಿ, ಕಾಫಿ ಪುಡಿ ಇಡುವ ಅಭ್ಯಾಸ ತುಂಬ ಮನೆಗಳಲ್ಲಿದೆ. ಕೈಗೆ ಹತ್ತಿರ ಹೌದು. ಆದರೆ ಪುಡಿಗಳು ಗಂಟು ಕಟ್ಟುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಅಡಿಕೆ ಗೋಣಿ, ಗೊಬ್ಬರ, ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು, ಫಿನಾಯಿಲು, ಸೀಮೆಎಣ್ಣೆ ಇದ್ಯಾವುದೂ ಉಗ್ರಾಣದಲ್ಲಿ ಇರಬಾರದು. ತೋಟದ ಮನೆಗಳಲ್ಲಿ ಇವೆಲ್ಲ ಒಂದೇ ಕೋಣೆಗೆ ಬಂದು ಸೇರುವುದು ಮಾಮೂಲು. ಬೇರೆ ಮಾಡಿ.

ಮೂರನೆಯ ಹೆಜ್ಜೆ: ಮನೆಗೆ ಎಷ್ಟು ಬೇಕು

ಜೋಡಿಸುವ ಮೊದಲು ಲೆಕ್ಕ. ಒಂದು ತಿಂಗಳು ಅಡುಗೆಮನೆಯಲ್ಲಿ ಒಂದು ಪುಸ್ತಕ ನೇತುಹಾಕಿ. ಡಬ್ಬ ತುಂಬಿಸಿದಾಗ ತಾರೀಕು ಬರೆಯಿರಿ, ಖಾಲಿಯಾದಾಗ ಮತ್ತೊಮ್ಮೆ ಬರೆಯಿರಿ. ಅಷ್ಟೇ ಸಾಕು. ದಿನಾ ತೂಕ ಮಾಡುವ ಗೋಜು ಬೇಡ. ಅಕ್ಕಿಗೆ ಕುಡ್ತೆಯಲ್ಲೋ ಪಾವಿನಲ್ಲೋ ಅಳೆಯುವ ಮನೆಯಾದರೆ ಅದೇ ಅಳತೆಯಲ್ಲಿ ಬರೆದುಕೊಳ್ಳಿ, ಕಿಲೋ ಮಾಡುವ ಅಗತ್ಯ ಇಲ್ಲ.

ಒಂದು ಅಂದಾಜು ಬೇಕಾದರೆ, ಎರಡು ಹೊತ್ತು ಅನ್ನ ಉಣ್ಣುವ, ಬೆಳಿಗ್ಗೆ ದೋಸೆಯೋ ಇಡ್ಲಿಯೋ ತಿನ್ನುವ ನಾಲ್ಕು ಜನರ ಮನೆಗೆ ತಿಂಗಳಿಗೆ 15ರಿಂದ 18 ಕಿಲೋ ಕುಚ್ಚಲಕ್ಕಿ, 5–6 ಕಿಲೋ ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ), ಒಂದೂವರೆ ಕಿಲೋ ಉದ್ದು, ಅಷ್ಟೇ ತೊಗರಿಬೇಳೆ, ಎರಡು ಲೀಟರ್ ತೆಂಗಿನೆಣ್ಣೆ ಬೇಕಾದೀತು. ನಿಮ್ಮ ಪುಸ್ತಕ ಬೇರೆಯೇ ಹೇಳಿದರೆ ಪುಸ್ತಕವನ್ನೇ ನಂಬಿ.

ಈಗ ಮುಖ್ಯ ಮಾತು. ಮಳೆಗಾಲಕ್ಕೆ ನಾಲ್ಕು ತಿಂಗಳ ಸಾಮಾನು ತುಂಬಿಸುವುದು ಹಿಂದಿನವರಿಗೆ ಬೇಕಿತ್ತು. ತೋಡು ತುಂಬಿದರೆ ಪೇಟೆಗೆ ಹೋಗಲಿಕ್ಕೆ ಆಗುತ್ತಿರಲಿಲ್ಲ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಕ್ಕಿಗೆ ಕೊರತೆ ಬರುತ್ತಿತ್ತು. ಈಗ ಕುಂಬಳೆಯಿಂದ ಪೆರ್ಲದವರೆಗೆ, ಉಪ್ಪಳದಿಂದ ಮುಳ್ಳೇರಿಯದವರೆಗೆ ಎಲ್ಲಿದ್ದರೂ ಅಂಗಡಿಗೆ ಬಸ್ಸಿದೆ. ಕೇರಳ ಸರಕಾರದ ಸಪ್ಲೈಕೋದ ಮಾವೇಲಿ ಸ್ಟೋರಿನಲ್ಲಿ ರೇಷನ್ ಕಾರ್ಡಿಗೆ ಕೆಲವು ಸಾಮಾನು ಸಬ್ಸಿಡಿ ದರದಲ್ಲಿ ತಿಂಗಳು ತಿಂಗಳು ಸಿಗುತ್ತದೆ. ಆದ್ದರಿಂದ ಒಂದೂವರೆ ತಿಂಗಳಿಗಿಂತ ಜಾಸ್ತಿ ಅಕ್ಕಿ, ಒಂದು ತಿಂಗಳಿಗಿಂತ ಜಾಸ್ತಿ ಬೇಳೆ, ಹದಿನೈದು ದಿನಕ್ಕಿಂತ ಜಾಸ್ತಿ ಹಿಟ್ಟು ಮಳೆಗಾಲದಲ್ಲಿ ಬೇಡ. ರೇಟು ಕಮ್ಮಿ ಅಂತ 10 ಕಿಲೋ ರವೆ ತಂದು, ಮೂರು ಕಿಲೋ ಹುಳಕ್ಕೆ ಕೊಟ್ಟರೆ ಏನು ಉಳಿತಾಯ?

ವರ್ಷಕ್ಕಾಗುವಷ್ಟು ಇಡಬೇಕಾದ್ದು ಬೇರೆ ಕಾಲದಲ್ಲಿ ಸಿಗದ ಸಾಮಾನು ಮಾತ್ರ: ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ), ಮಾಂಬಳ, ಹುಣಸೆಹುಳಿ, ಒಣಗಿಸಿದ ಪುನರ್ಪುಳಿ ಸಿಪ್ಪೆ. ಜಾಗ ಉಳಿಸಬೇಕಾದ್ದು ಇವಕ್ಕೆ.

ನಾಲ್ಕನೆಯ ಹೆಜ್ಜೆ: ಡಬ್ಬ, ಭರಣಿ, ಜಾಡಿ

ಹೊಸದಾಗಿ ಸೆಟ್ ತರುವ ಮೊದಲು ಇರುವುದನ್ನು ಪರೀಕ್ಷೆ ಮಾಡಿ. ಡಬ್ಬದ ಒಳಗೆ ಒಂದು ಚಮಚ ಕಲ್ಲುಪ್ಪನ್ನು ಸಣ್ಣ ತಟ್ಟೆಯಲ್ಲಿ ಇಟ್ಟು ಮುಚ್ಚಿ, ಮಳೆ ಹಿಡಿದ ದಿನ ಎರಡು ರಾತ್ರಿ ಬಿಡಿ. ಉಪ್ಪು ಹಾಗೇ ಇದ್ದರೆ ಡಬ್ಬ ಒಳ್ಳೆಯದು. ಒದ್ದೆಯಾದರೆ ಆ ಡಬ್ಬಕ್ಕೆ ಅಕ್ಕಿ ಬೇಳೆ ಬೇಡ, ದೀಪದ ಬತ್ತಿಯೋ ಬೆಂಕಿಪೊಟ್ಟಣವೋ ಕೂಡ ಬೇಡ. ಪ್ಲಾಸ್ಟಿಕ್ ಚೀಲ, ಹಗ್ಗ ತುಂಬಿಸಿಡಲಿಕ್ಕೆ ಆದೀತು.

ಅಕ್ಕಿಯ ದಾಸ್ತಾನಿಗೆ ಬಿಗಿ ಮುಚ್ಚಳದ ಸ್ಟೀಲ್ ಡ್ರಮ್ಮು ಅಥವಾ ಆಹಾರಕ್ಕೆ ಅಂತಲೇ ಬರುವ ದಪ್ಪ ಪ್ಲಾಸ್ಟಿಕ್ ಡ್ರಮ್ಮು. ಪೈಂಟಿನ ಬಕೆಟ್ಟು ಎಷ್ಟು ಗಟ್ಟಿ ಇದ್ದರೂ ಬೇಡ. ಬೇಳೆಕಾಳಿಗೆ ಸ್ಟೀಲ್ ಡಬ್ಬ. ಪುಡಿಗಳಿಗೆ ಗಾಜಿನ ಬಾಟಲಿ; ಹಾರ್ಲಿಕ್ಸ್ ಬಾಟಲಿ ಇದ್ದರೆ ಹೊಸತು ಯಾಕೆ? ಆದರೆ ಗಾಜು ಬೆಳಕಿಗೆ ಇಡಬಾರದು. ಮೆಣಸಿನ ಪುಡಿ, ಅರಸಿನ ಎರಡೂ ಬೆಳಕಿಗೆ ಬಣ್ಣ ಬಿಡುತ್ತವೆ. ಬಾಗಿಲಿರುವ ಕಪಾಟಿನ ಒಳಗೆ ಇಡಿ. ಉಪ್ಪು, ಹುಳಿ, ಉಪ್ಪಿನಕಾಯಿಗೆ ಭರಣಿ ಅಥವಾ ಗಾಜು. ಅಲ್ಯೂಮಿನಿಯಂ, ತಗಡಿನ ಮುಚ್ಚಳ ಇವಕ್ಕೆ ತಾಗಬಾರದು, ತಿಂದುಹಾಕುತ್ತದೆ.

ಡಬ್ಬದ ಅಳತೆಯೂ ಮುಖ್ಯ. ಅರ್ಧ ಖಾಲಿ ಡಬ್ಬ ಎಂದರೆ ಅರ್ಧ ಡಬ್ಬ ಒದ್ದೆ ಗಾಳಿ. ಎರಡು ಕಿಲೋ ಬೇಳೆಗೆ ಐದು ಕಿಲೋ ಡಬ್ಬ ಬೇಡ.

ಇನ್ನು ಈ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಅನ್ನುವವರಿಗೆ ಇದು: ಪ್ರತಿ ಸಾಮಾನಿಗೆ ಎರಡು ಪಾತ್ರೆ ಇರಲಿ. ಒಂದು ದೊಡ್ಡದು, ದಾಸ್ತಾನಿಗೆ. ಒಂದು ಸಣ್ಣದು, ದಿನಬಳಕೆಗೆ. ದೊಡ್ಡದನ್ನು ವಾರಕ್ಕೆ ಒಮ್ಮೆ ಮಾತ್ರ ತೆರೆಯುವುದು, ಅದೂ ಮಳೆ ನಿಂತ ಹೊತ್ತಿನಲ್ಲಿ. ಸಣ್ಣದಕ್ಕೆ ತುಂಬಿಸಿ ಕೂಡಲೇ ಮುಚ್ಚುವುದು. ದಿನಕ್ಕೆ ನಾಲ್ಕು ಸಲ ತೆರೆದರೆ ದಿನಕ್ಕೆ ನಾಲ್ಕು ಸಲ ಪಸೆ ಒಳಗೆ ಹೋಗುತ್ತದೆ. ಸಣ್ಣ ಡಬ್ಬ ಹಾಳಾದರೆ ವಾರದ ಸಾಮಾನು ಹೋಯಿತು, ಇಡೀ ತಿಂಗಳದ್ದು ಉಳಿಯಿತು.

ಮತ್ತೆ ಚಮಚ. ಒದ್ದೆ ಚಮಚ, ಒದ್ದೆ ಕೈ ಎರಡೂ ನಿಷೇಧ. ಸಣ್ಣ ಡಬ್ಬದ ಒಳಗೇ ಒಂದು ಒಣ ಕರಟದ ಸೌಟನ್ನೋ ಚಮಚವನ್ನೋ ಇಟ್ಟುಬಿಡಿ. ಮನೆಯಲ್ಲಿ ಎಲ್ಲರಿಗೂ ಹೇಳಿ, ಮುಖ್ಯವಾಗಿ ಚಹಾ ಮಾಡುವ ಗಂಡಸರಿಗೆ.

ಐದನೆಯ ಹೆಜ್ಜೆ: ಒಂದೊಂದು ಸಾಮಾನಿಗೆ ಒಂದೊಂದು ಉಪಚಾರ

ಅಕ್ಕಿಯಿಂದ ಶುರು ಮಾಡೋಣ. "ಡಬ್ಬ ತೊಳೆದು ಒಣಗಿಸಿ ತುಂಬಿಸಿದ್ದೆ, ಮುಚ್ಚಳವೂ ಬಿಗಿ, ಆದರೂ ಹುಳ ಎಲ್ಲಿಂದ ಬಂತು?" ಎಂದು ಎಲ್ಲರೂ ಕೇಳುತ್ತಾರೆ. ಹುಳ ಅಕ್ಕಿಯ ಜೊತೆಗೇ ಬಂದದ್ದು. ಹೆಣ್ಣು ಹುಳ ಅಕ್ಕಿಕಾಳನ್ನು ಕೊರೆದು, ಒಳಗೆ ಮೊಟ್ಟೆ ಇಟ್ಟು, ತೂತನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನಮ್ಮ ಸೆಕೆಗೆ ತಿಂಗಳೊಂದು ಕಳೆಯುವಾಗ ಮರಿ ಬೆಳೆದು ಕಾಳು ಕೊರೆದು ಹೊರಗೆ ಬರುತ್ತದೆ. ಅದಕ್ಕೇ ಒಂದೂವರೆ ತಿಂಗಳಿನ ಲೆಕ್ಕ ಹೇಳಿದ್ದು. ಹೆಚ್ಚು ಕಾಲ ಇಟ್ಟಷ್ಟೂ ಎರಡನೆಯ ತಲೆಮಾರಿನ ಹುಳ ಎದ್ದೇಳುತ್ತದೆ.

ಕುಚ್ಚಲಕ್ಕಿ ಬೇಯಿಸಿ ಒಣಗಿಸಿದ್ದಾದ್ದರಿಂದ ಕಾಳು ಗಟ್ಟಿ, ಹುಳ ಬೀಳುವುದು ನಿಧಾನ. ಬೆಳ್ತಿಗೆಗೆ ಬೇಗ ಬೀಳುತ್ತದೆ. ಆದ್ದರಿಂದ ಬೆಳ್ತಿಗೆಯನ್ನು ಕಮ್ಮಿ ತಂದು ಬೇಗ ಮುಗಿಸಿ. ಹುಳ ಬಿದ್ದ ಅಕ್ಕಿಯನ್ನು ಸುಡು ಬಿಸಿಲಿಗೆ ಹಾಕುವ ರೂಢಿ ಇದೆ. ಅಕ್ಕಿಗೆ ಅದು ಒಳ್ಳೆಯದಲ್ಲ, ಕಾಳು ಸೀಳುತ್ತದೆ, ಅನ್ನ ಮಾಡಿದರೆ ಮುದ್ದೆಯಾಗುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಚಾಪೆಯ ಮೇಲೆ ತೆಳ್ಳಗೆ ಹರಡಿ. ಹುಳ ತಾನಾಗಿ ಹರಿದು ಹೋಗುತ್ತದೆ.

ಒಣಮೆಣಸು, ಲವಂಗ, ಒಣ ಬೇವಿನೆಲೆ ಹಾಕುತ್ತಾರಲ್ಲ, ಅದು ಹೊಸ ಹುಳ ಬರುವುದನ್ನು ಸ್ವಲ್ಪ ತಡೆದೀತು. ಕಾಳಿನ ಒಳಗಿರುವ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಹಾಕುವುದಾದರೆ ಬೇವಿನೆಲೆ ಗರಿಗರಿ ಒಣಗಿರಬೇಕು. ಹಸಿ ಎಲೆ ಹಾಕಿದರೆ ಪಸೆಯನ್ನು ನಾವೇ ಕರೆದ ಹಾಗೆ.

ಇಡಿ ಕಾಳುಗಳು, ಅಂದರೆ ಹೆಸರು, ಕಡ್ಲೆ, ಅಲಸಂಡೆ ಬೀಜ, ಇವುಗಳ ಹುಳ ಬೇರೆ ಜಾತಿಯದು. ಅದು ಮೊಟ್ಟೆಯನ್ನು ಕಾಳಿನ ಹೊರಗೆ ಅಂಟಿಸುತ್ತದೆ. ಹತ್ತಿರದಿಂದ ನೋಡಿದರೆ ಬಿಳಿ ಚುಕ್ಕಿ ಕಾಣುತ್ತದೆ. ಈ ಹುಳಕ್ಕೆ ಮದ್ದು ಎಣ್ಣೆ. ಕಾಳನ್ನು ಒಂದು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಕಿಲೋಗೆ ಒಂದು ಸಣ್ಣ ಚಮಚ, ಅಂದರೆ 5 ಮಿಲಿಲೀಟರ್ ಅಡುಗೆ ಎಣ್ಣೆ ಹಾಕಿ ಚೆನ್ನಾಗಿ ಉಜ್ಜಿ. ಎಣ್ಣೆಯ ಪದರದ ಮೇಲೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಉಳಿಯುವುದಿಲ್ಲ. ಬಿಸಿ ಆರುವ ಮೊದಲೇ ಡಬ್ಬಕ್ಕೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂರುತ್ತದೆ. ಬಿಸಿಲಿಗೆ ಹಾಕಿದ ಯಾವುದನ್ನೇ ಆಗಲಿ ಪೂರ್ತಿ ತಣಿಸಿಯೇ ತುಂಬಿಸಿ.

ರವೆ, ಗೋಧಿಹಿಟ್ಟು, ಮೈದಾ ತಂದ ದಿನವೇ ಪೊಟ್ಟಣ ಸಮೇತ ಫ್ರೀಜರಿಗೆ ಹಾಕಿ ಮೂರು ನಾಲ್ಕು ದಿನ ಬಿಡಿ. ಮೊಟ್ಟೆ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಕೂಡಲೇ ಬಿಡಿಸಬೇಡಿ, ತಣ್ಣಗಿನ ಹಿಟ್ಟಿಗೆ ಗಾಳಿಯ ನೀರು ಬಂದು ಕೂರುತ್ತದೆ. ಅರ್ಧ ದಿನ ಹಾಗೇ ಇಟ್ಟು, ಪೊಟ್ಟಣ ಮುಟ್ಟಿದರೆ ತಣ್ಣಗಿಲ್ಲ ಅನ್ನಿಸಿದ ಮೇಲೆ ಡಬ್ಬಕ್ಕೆ ಹಾಕಿ. ಫ್ರೀಜರಿನಲ್ಲಿ ಜಾಗ ಇಲ್ಲದವರು ರವೆಯನ್ನು ಹುರಿದಿಡಿ.

ಉಪ್ಪಿನ ಗುಟ್ಟು ಸರಳ. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಉಪ್ಪು ತಾನೇ ನೀರು ಎಳೆದು ಕರಗಲು ಶುರು ಮಾಡುತ್ತದೆ. ನಮ್ಮ ಮಳೆಗಾಲದಲ್ಲಿ ಗಾಳಿ ಇಡೀ ದಿನ ಅದಕ್ಕಿಂತ ಮೇಲೆಯೇ ಇರುತ್ತದೆ. ಕಲ್ಲುಪ್ಪಿನಲ್ಲಿ ಬೇರೆ ಲವಣವೂ ಇರುವುದರಿಂದ ಇನ್ನೂ ಬೇಗ ನೀರಾಗುತ್ತದೆ. ಪೊಟ್ಟಣವನ್ನು ಬಿಡಿಸದೆ ಇಡಿ, ಬೇಕಾದಷ್ಟೇ ಭರಣಿಗೆ ಹಾಕಿ.

ಬೆಲ್ಲ ಅಚ್ಚು ಅಚ್ಚಾಗಿಯೇ ಇರಲಿ, ಪುಡಿ ಮಾಡಿದರೆ ಬೇಗ ಪಸೆ ಎಳೆಯುತ್ತದೆ. ಬಟರ್ ಪೇಪರಿನಲ್ಲೋ ಒಣಗಿದ ಬಾಳೆಲೆಯಲ್ಲೋ ಸುತ್ತಿ ಬಿಗಿ ಡಬ್ಬದಲ್ಲಿ ಇಡಿ. ಹುಣಸೆಹುಳಿಯ ಬೀಜ, ನಾರು ತೆಗೆದು, ಕಲ್ಲುಪ್ಪು ಸೇರಿಸಿ ಉಂಡೆ ಕಟ್ಟಿ ಭರಣಿಗೆ ತುಂಬಿಸಿದರೆ ವರ್ಷ ಕಳೆದರೂ ಏನೂ ಆಗುವುದಿಲ್ಲ. ಕಪ್ಪಾಗುತ್ತದೆ, ಅದು ಕೆಟ್ಟದ್ದಲ್ಲ.

ಮಿಲ್ಲಿನಿಂದ ತಂದ ತೆಂಗಿನೆಣ್ಣೆ ಕೂಡಲೇ ತುಂಬಿಸಬೇಡಿ. ನಾಲ್ಕೈದು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿ ಎಣ್ಣೆಯನ್ನು ಬೇರೆ ಮಾಡಿ. ಕೆಳಗಿನ ಗಸಿಯಲ್ಲಿ ನೀರಿನ ಅಂಶ ಇರುತ್ತದೆ, ಕಮಟು ಬರುವುದು ಅದರಿಂದಲೇ. ಒಣ ಬಾಟಲಿಗೆ ಕುತ್ತಿಗೆವರೆಗೆ ತುಂಬಿಸಿ ಕತ್ತಲಲ್ಲಿ ಇಡಿ. ಗಸಿಯನ್ನು ಮೊದಲು ಒಗ್ಗರಣೆಗೆ ಬಳಸಿ ಮುಗಿಸಿ.

ತೆಂಗಿನಕಾಯಿ ಸುಲಿದಿಡುವಾಗ ಜುಟ್ಟು ತೆಗೆಯಬೇಡಿ. ಕಣ್ಣು ಮುಚ್ಚಿರುವಷ್ಟು ಕಾಲ ಕಾಯಿ ತಡೆಯುತ್ತದೆ.

ಇನ್ನು ಹಪ್ಪಳ. ಎಷ್ಟು ಕಷ್ಟಪಟ್ಟು ಮಾಡಿದ್ದು, ಅಲ್ವಾ? ಹಲಸಿನ ಸೊಳೆ ಬೇಯಿಸಿ, ಅರೆದು, ಒತ್ತಿ, ಮಕ್ಕಳನ್ನು ಕಾಗೆ ಓಡಿಸಲು ಕೂರಿಸಿ ಮಾಡಿದ ಹಪ್ಪಳ ಜುಲೈಯಲ್ಲಿ ಬೂಷ್ಟು ಬಂದರೆ ಹೊಟ್ಟೆ ಉರಿಯುತ್ತದೆ. ತುಂಬಿಸುವ ಮೊದಲು ಒಂದು ಹಪ್ಪಳ ಮುರಿದು ನೋಡಿ. ಟಕ್ ಅಂತ ಮುರಿಯಬೇಕು. ಬಾಗಿದರೆ ಇನ್ನೊಂದು ಬಿಸಿಲು ಬೇಕು. ಆಮೇಲೆ 25–25ರ ಕಟ್ಟು ಮಾಡಿ, ಪ್ರತಿ ಕಟ್ಟನ್ನೂ ಬೇರೆ ಬೇರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಎಲ್ಲವನ್ನೂ ಸೇರಿಸಿ ಒಂದು ತಗಡಿನ ಡಬ್ಬಕ್ಕೆ ಹಾಕಿ. ಒಂದು ಕಟ್ಟು ಬಿಡಿಸಿದರೆ ಉಳಿದ ಕಟ್ಟುಗಳಿಗೆ ಗಾಳಿ ತಾಗುವುದಿಲ್ಲ. ಮಾಂಬಳಕ್ಕೂ ಇದೇ ಕ್ರಮ. ಅದನ್ನು ತುಂಡು ಮಾಡಿಯೇ ಸುತ್ತಿಡಿ, ಮಳೆಗಾಲದಲ್ಲಿ ದೊಡ್ಡ ಹಾಳೆ ಬಿಡಿಸಿ ಕತ್ತರಿಸಲು ಹೋದರೆ ಅಂಟು ಹಿಡಿಯುತ್ತದೆ.

ಉಪ್ಪಿನಕಾಯಿ ಭರಣಿಯ ಬಾಯಿಗೆ ಮುಚ್ಚಳ ಸಾಲದು. ಒಣ ಬಿಳಿ ಬಟ್ಟೆ ಮುಚ್ಚಿ ಕಟ್ಟಿ, ಅದರ ಮೇಲೆ ಮುಚ್ಚಳ ಇಡಿ. ದೊಡ್ಡ ಭರಣಿಯನ್ನು ತಿಂಗಳಿಗೆ ಒಮ್ಮೆ ಮಾತ್ರ ತೆರೆಯಿರಿ. ಉಪ್ಪುಸೊಳೆಗೆ ಮೇಲಿನಿಂದ ಭಾರ ಇಟ್ಟು, ಸೊಳೆ ಉಪ್ಪುನೀರಿನಲ್ಲಿ ಮುಳುಗಿಯೇ ಇರುವಂತೆ ನೋಡಿಕೊಳ್ಳಿ. ಮೇಲೆ ತೇಲಿದ ಸೊಳೆ ಮೊದಲು ಹಾಳಾಗುತ್ತದೆ.

ತರಕಾರಿಯಲ್ಲಿ ಎರಡೇ ಮಾತು. ಬಣ್ಣದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಒಂದಕ್ಕೊಂದು ತಾಗದಂತೆ ತೂಗುಹಾಕುವ ಹಳೆಯ ಕ್ರಮಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಫ್ಲ್ಯಾಟಿನಲ್ಲಿ ಬಟ್ಟೆ ಒಣಗಿಸುವ ಸರಳಿಗೇ ಕಟ್ಟಬಹುದು. ಕುಂಬಳಕಾಯಿಯ ಬೂದಿ ಒರೆಸಬೇಡಿ, ತೊಟ್ಟು ಮುರಿಯಬೇಡಿ. ನೀರುಳ್ಳಿ ಮತ್ತು ಬಟಾಟೆ ಒಂದೇ ಬುಟ್ಟಿಯಲ್ಲಿ ಬೇಡ. ಬಟಾಟೆಗೆ ಕತ್ತಲೆ ಬೇಕು, ಬೆಳಕಿಗೆ ಹಸಿರಾದರೆ ಆ ಭಾಗ ತಿನ್ನಬಾರದು.

ಆರನೆಯ ಹೆಜ್ಜೆ: ಹಲಗೆಗೆ ಏರಿಸುವುದು

ಕಣ್ಣಿನ ಎತ್ತರದ ಹಲಗೆ ದಿನಬಳಕೆಯ ಸಣ್ಣ ಡಬ್ಬಗಳಿಗೆ. ಸೊಂಟದಿಂದ ಕೆಳಗೆ ಭಾರದ್ದು: ಭರಣಿ, ಎಣ್ಣೆ, ಅಕ್ಕಿ. ತೀರ ಮೇಲಿನ ಹಲಗೆ ಹಪ್ಪಳ, ಮಾಂಬಳ, ಹಬ್ಬಕ್ಕೆ ಮಾತ್ರ ಬೇಕಾಗುವ ಸಾಮಾನಿಗೆ. ಮೇಲೆ ಗಾಳಿ ಸ್ವಲ್ಪ ಬೆಚ್ಚಗೆ ಇರುತ್ತದೆ. ಒಂದು ಹಲಗೆಯಲ್ಲಿ ಎರಡು ಸಾಲಿಗಿಂತ ಜಾಸ್ತಿ ಇಡಬೇಡಿ, ಮೂರನೆಯ ಸಾಲು ಮರೆತುಹೋಗುತ್ತದೆ.

ಹೊಸ ಸಾಮಾನನ್ನು ಹಳೆಯದರ ಮೇಲೆ ಸುರಿಯುವುದು ಬೇಡ. ಹಳೆಯದನ್ನು ತೆಗೆದು, ಡಬ್ಬ ಒರೆಸಿ, ಹೊಸದನ್ನು ಕೆಳಗೆ ಹಾಕಿ, ಹಳೆಯದನ್ನು ಮೇಲೆ ಹಾಕಿ.

ಹೆಸರು ಮತ್ತು ತುಂಬಿಸಿದ ತಾರೀಕು ಅಂಟಿಸಿ. ಮಾಸ್ಕಿಂಗ್ ಟೇಪಿನ ಮೇಲೆ ಪೆನ್ಸಿಲಿನಲ್ಲಿ ಬರೆದರೆ ಪಸೆಗೆ ಅಳಿಸುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಅತ್ತೆ ಕನ್ನಡ ಓದುತ್ತಾರೆ, ಮಲಯಾಳ ಮಾಧ್ಯಮದಲ್ಲಿ ಕಲಿತ ಸೊಸೆಗೆ ಕನ್ನಡ ಅಕ್ಷರ ಬರುವುದಿಲ್ಲ, ಕೆಲಸಕ್ಕೆ ಬರುವವರಿಗೆ ಇನ್ನೊಂದು. ಎರಡು ಲಿಪಿಯಲ್ಲೂ ಬರೆಯಿರಿ. ಜೀರಿಗೆ, ಬಡೆಸೊಪ್ಪು ಅದಲುಬದಲಾಗುವುದು ತಪ್ಪುತ್ತದೆ.

ಒಂದು ಡಬ್ಬವನ್ನು ಬೇರೆಯೇ ಇಡಿ. ಗಾಳಿಮಳೆಗೆ ತೆಂಗಿನಮರ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಬೇಕಾಗುವ ಡಬ್ಬ ಅದು. ಮಿಕ್ಸಿ ಇಲ್ಲ, ಫ್ರಿಜ್ ಇಲ್ಲ ಎಂದು ಲೆಕ್ಕ ಹಾಕಿ ತುಂಬಿಸಿ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಚಟ್ನಿಪುಡಿ, ಸಾರಿನ ಪುಡಿ, ಬಾಳಕ ಮೆಣಸು, ಹಾಲಿನ ಪುಡಿಯ ಸಣ್ಣ ಪೊಟ್ಟಣ, ಮೇಣದಬತ್ತಿ, ಬೆಂಕಿಪೊಟ್ಟಣ. ಕಾಯಿ ಅರೆಯದೆ ಎರಡು ದಿನ ಕಳೆಯುವಷ್ಟು ಇದ್ದರೆ ಸಾಕು.

ಇಲಿ, ಇರುವೆ ಮತ್ತು ಮಾತ್ರೆ

ಇರುವೆಗೆ, ಬೆಲ್ಲದ ಡಬ್ಬವನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುವುದೇ ಸಾಕು. ಮದ್ದಿನ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದಾದರೆ ಗೋಡೆಯ ಬುಡಕ್ಕೆ ಮಾತ್ರ, ಹಲಗೆಗೆ ಬೇಡ.

ಇಲಿ ಬಂದ ಉಗ್ರಾಣದ ಡಬ್ಬಗಳನ್ನು ಸೋಪು ಹಾಕಿ ತೊಳೆಯಿರಿ. ಮಳೆಗಾಲದಲ್ಲಿ ಇಲಿಜ್ವರ ಹರಡುವುದು ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ. ಕೈಗೆ ಗಾಯ ಇದ್ದರೆ ಗ್ಲೌಸ್ ಹಾಕಿಕೊಂಡೇ ಶುಚಿ ಮಾಡಿ. ಹಂಚಿನ ಮನೆಯಾದರೆ ಅಟ್ಟದ ತೂತುಗಳಿಗೆ ತಂತಿ ಬಲೆ ಹೊಡೆಯಿರಿ.

ದಾಸ್ತಾನು ಅಕ್ಕಿಗೆ ಗೋದಾಮಿನಲ್ಲಿ ಹಾಕುವ ಮಾತ್ರೆಯನ್ನು ಮನೆಗೆ ತರುವವರಿದ್ದಾರೆ. ಖಂಡಿತ ಬೇಡ. ಆ ಮಾತ್ರೆಯಲ್ಲಿರುವ ಅಲ್ಯೂಮಿನಿಯಂ ಫಾಸ್ಫೈಡ್ ಪಸೆ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ನಮ್ಮ ಮಳೆಗಾಲದ ಗಾಳಿಯೇ ಅದಕ್ಕೆ ಸಾಕು. ಮುಚ್ಚಿದ ಮನೆಯಲ್ಲಿ ಮಲಗಿದವರ ಜೀವ ತೆಗೆಯುವ ವಿಷ ಅದು, ಮದ್ದೂ ಇಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆಯವರಿಗೆ ಹುಳದ ಮದ್ದಿನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಮಳೆಗಾಲದ ಪಾಳಿ

ಜೋಡಿಸಿದರೆ ಮುಗಿಯಲಿಲ್ಲ. ಹದಿನೈದು ದಿನಕ್ಕೆ ಒಮ್ಮೆ, ಹುಣ್ಣಿಮೆಗೂ ಅಮಾವಾಸ್ಯೆಗೂ ಹೊಂದಿಸಿಕೊಂಡರೆ ನೆನಪಿರುತ್ತದೆ, ಪ್ರತಿ ಹಲಗೆಯಿಂದ ಒಂದೊಂದು ಡಬ್ಬ ತೆಗೆದು ನೋಡಿ. ಮುಚ್ಚಳದ ಒಳಮೈ ಮುಟ್ಟಿ. ತಣ್ಣಗೆ ಒದ್ದೆ ಅನ್ನಿಸಿದರೆ ಆ ಡಬ್ಬದ ಸಾಮಾನು ಮೊದಲು ಬಳಸಿ.

ಆಟಿಯ ನಡುವೆ ಒಂದೆರಡು ದಿನ ಬಿಸಿಲು ಬರುತ್ತದೆ. ಆ ದಿನಕ್ಕೆ ಪಟ್ಟಿ ಮೊದಲೇ ಬರೆದಿಡಿ: ಹಪ್ಪಳ, ಒಣಮೆಣಸು, ಕೊತ್ತಂಬರಿ, ಇಡಿ ಕಾಳು, ಕೊನೆಗೆ ಖಾಲಿ ಡಬ್ಬಗಳು. ಬಿಸಿಲು ಬಂದ ಮೇಲೆ ಏನು ಹಾಕುವುದು ಅಂತ ಯೋಚಿಸುತ್ತ ಕೂತರೆ ಮೋಡ ಕವಿದಿರುತ್ತದೆ. ಬಿಸಿಲೇ ಬಾರದಿದ್ದರೆ ಒಣಮೆಣಸು, ಕೊತ್ತಂಬರಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ತಣಿಸಿ ತುಂಬಿಸಿ. ಮೆತ್ತಗಾದ ಅವಲಕ್ಕಿಗೂ ಇದೇ ಉಪಾಯ.

ಚೌತಿ, ನವರಾತ್ರಿಗೆ ಸಾಮಾನು ತರುವಾಗ ಪುಸ್ತಕ ನೋಡಿ ಚೀಟಿ ಬರೆಯಿರಿ. ತುಲಾಮಾಸದ ಗುಡುಗು ಮಳೆ ಮುಗಿದು, ನವೆಂಬರ್ ಕೊನೆಗೆ ಗಾಳಿ ಒಣಗಿದ ಮೇಲೆ ದೊಡ್ಡ ಡಬ್ಬಗಳನ್ನು ಒಮ್ಮೆ ಖಾಲಿ ಮಾಡಿ ತೊಳೆದು ಬಿಸಿಲಿಗೆ ಮಗುಚಿ ಹಾಕಿ. ಎರಡು ಮೂರು ತಿಂಗಳಿನ ಅಕ್ಕಿ ಒಟ್ಟಿಗೆ ತರುವ ಆಸೆ ಇದ್ದವರು ತರಬೇಕಾದ್ದು ಆಗ.